ಹೊಗೆಸೊಪ್ಪಿಗೆ ಬೇಕಾದ ಕಾಲ

ಮೈಸೂರಿನಿಂದ ನಂಜನಗೂಡಿಗೆ ಸಾಗುವ ರಸ್ತೆಯ ಮಗ್ಗುಲಲ್ಲಿ, ಇಂದು ಕಾರ್ಖಾನೆಗಳ ಸಾಲಿನಿಂದ ಹೆಸರಾಗಿರುವ ತಾಂಡ್ಯದ ಸೀಮೆಯಿಂದ ಮೊದಲ್ಗೊಂಡು, ಕಪಿಲೆಯು ಕಾವೇರಿಯನ್ನು ಕೂಡಿಕೊಳ್ಳುವ ತಿರುಮಕೂಡಲು ನರಸೀಪುರದವರೆಗೆ ಹಬ್ಬಿರುವ ನೆಲವು ಬಹುಕಾಲದಿಂದಲೂ ಭತ್ತದ ನೆಲವೆನಿಸಿಕೊಂಡಿದೆ. ಅದರಿಂದಲೇ, ಪದಾರ್ಥವೊಂದು ಹೊಸತೋ ಹಳತೋ ಎಂದು ವಿಚಾರಿಸಿ ಕೊಳ್ಳುವ ಅಭ್ಯಾಸವು ಇಲ್ಲಿಯ ಮನೆಗಳಲ್ಲಿ ಆಳವಾಗಿ ಬೇರೂರಿದೆ. ಹೊಸ ಅಕ್ಕಿಯ ಅನ್ನ ಅಂಟಂಟಾಗುವುದೆಂದೂ, ವರ್ಷ ಕಳೆದ ಅಕ್ಕಿಯು ಹೆಚ್ಚು ನೀರು ಕುಡಿದು ಅಗುಳು ಅಗುಳಾಗಿ ಅರಳುವುದೆಂದೂ, ಕಾಯಿಲೆಯಿಂದ ಎದ್ದವನಿಗೆ ಹಳೆಯ ಅಕ್ಕಿಯ ಗಂಜಿಯೇ ಹಿತವೆಂದೂ ಹೇಳದ ಮನೆಯಿಲ್ಲ. ಹುಣಸೆಹಣ್ಣಿಗೂ ಬೆಲ್ಲಕ್ಕೂ ಇದೇ ಪ್ರಶ್ನೆ. ಆದಕಾರಣ, ಸುರುಳಿ ಸುತ್ತಿದ ಚುಟ್ಟವನ್ನು ಕೂಡಲೇ ಸೇದಬೇಕೋ, ವರ್ಷಗಟ್ಟಲೆ ಪೆಟ್ಟಿಗೆಯಲ್ಲಿಟ್ಟು ಹಳತು ಮಾಡಿ ಸೇದಬೇಕೋ ಎಂದು ಹವಾನಾ ನಗರದಲ್ಲಿಯೂ ಲಂಡನ್ನಿನಲ್ಲಿಯೂ ರಸಿಕರು ಬಹುಕಾಲದಿಂದ ನಡೆಸಿಕೊಂಡು ಬಂದಿರುವ ವಾದವು ಈ ನೆಲದವರಿಗೆ ತೀರ ಅಪರಿಚಿತವೆಂದು ತೋರಲಾರದು.

ಹೊಗೆಸೊಪ್ಪು ಭರತಖಂಡಕ್ಕೆ ಬರುವುದಕ್ಕೆ ಎಷ್ಟೋ ಶತಮಾನಗಳ ಮೊದಲೇ ಹೊಗೆಯನ್ನು ಸೇವಿಸುವ ವಿಧಿಯೊಂದು ನಮ್ಮಲ್ಲಿ ಇದ್ದಿತೆಂಬುದನ್ನು ಅನೇಕರು ಮರೆತಿರುವರು. ಚರಕಸಂಹಿತೆಯ ಸೂತ್ರಸ್ಥಾನದ ಐದನೆಯ ಅಧ್ಯಾಯದಲ್ಲಿ ಧೂಮವರ್ತಿಯ ನಿರ್ಮಾಣವು ಸವಿಸ್ತಾರವಾಗಿ ಉಕ್ತವಾಗಿದೆ: ಚಂದನ, ಏಲಕ್ಕಿ, ಲಾವಂಚ, ನಾಗಕೇಸರ ಮೊದಲಾದ ಸುಗಂಧದ್ರವ್ಯಗಳನ್ನು ಅರೆದು, ಆ ಕಲ್ಕವನ್ನು ಜೊಂಡಿನ ಕಡ್ಡಿಗೆ ಲೇಪಿಸಿ, ಹೆಬ್ಬೆರಳಿನ ಗಾತ್ರಕ್ಕೆ, ಎಂಟು ಅಂಗುಲದ ಉದ್ದಕ್ಕೆ, ಜವೆಗೋದಿಯ ಕಾಳಿನ ಆಕಾರಕ್ಕೆ ಬರುವಂತೆ ತೀಡಿ ಒಣಗಿಸಬೇಕು, ಒಣಗಿದ ಮೇಲೆ ಕಡ್ಡಿಯನ್ನು ಹೊರಗೆಳೆದು, ಉಳಿದ ಟೊಳ್ಳು ಬತ್ತಿಗೆ ಸ್ನೇಹದ್ರವ್ಯವನ್ನು ಸವರಿ, ನಳಿಗೆಗೆ ಸಿಕ್ಕಿಸಿ, ತುದಿಯನ್ನು ಹೊತ್ತಿಸಿ ಸೇದಬೇಕು. ಸ್ನಾನವಾದ ಮೇಲೆ, ಉಂಡ ಮೇಲೆ, ಸೀನಿದ ಮೇಲೆ, ದಂತಧಾವನವಾದ ಮೇಲೆ, ನಿದ್ರೆಯಿಂದ ಎದ್ದ ಮೇಲೆ ಎಂದು ಕಾಲನಿಯಮವನ್ನೂ ಹೇಳಿ, ಅಕಾಲದಲ್ಲಿ ಅಥವಾ ಅತಿಯಾಗಿ ಸೇದಿದವನಿಗೆ ಕಿವುಡು, ಕುರುಡು, ಮೂಕತ್ವ, ರಕ್ತಪಿತ್ತ, ತಲೆಸುತ್ತು ಪ್ರಾಪ್ತವಾಗುವುವೆಂದು ಆ ಆಚಾರ್ಯನು ಎಚ್ಚರಿಸಲು ಮರೆತಿಲ್ಲ. ಆಕಾರವನ್ನು ನೋಡಿದರೆ ಇದು ಇಂದಿನ ಚುಟ್ಟದ ಪೂರ್ವಜನಂತೆಯೇ ಇದೆ. ಉದ್ದೇಶವನ್ನು ನೋಡಿದರೆ ಬೇರೆಯೇ ಲೋಕಕ್ಕೆ ಸೇರಿದುದು.

ಹೊಸತು ಹಳತುಗಳ ನಿರ್ಣಯವನ್ನು ವೈದ್ಯರು ಬಾಯಿಮಾತಿಗೆ ಬಿಟ್ಟಿರಲಿಲ್ಲ. ಸಕಲ ಕರ್ಮಗಳಿಗೂ ಹೊಸ ದ್ರವ್ಯಗಳನ್ನೇ ಯೋಜಿಸಬೇಕು, ಆದರೆ ವಾಯುವಿಡಂಗ, ಹಿಪ್ಪಲಿ, ಬೆಲ್ಲ, ಧಾನ್ಯ, ತುಪ್ಪ, ಜೇನು ಈ ಆರನ್ನು ಮಾತ್ರ ಹಳೆಯವಾಗಿಯೇ ಗ್ರಹಿಸಬೇಕು ಎಂಬುದು ಶಾರ್ಙ್ಗಧರಸಂಹಿತೆಯ ವಿಧಿ. ಚೂರ್ಣವು ಎರಡು ತಿಂಗಳಲ್ಲಿ ವೀರ್ಯಹೀನವಾಗುವುದು, ಗುಳಿಗೆ ಲೇಹ್ಯಗಳು ಒಂದು ವರ್ಷದವರೆಗೆ ನಿಲ್ಲುವುವು, ಆಸವಗಳಾದರೋ ಹಳತಾದಷ್ಟೂ ಗುಣವಂತವಾಗುವುವು ಎಂದು ಆ ಗ್ರಂಥವು ಒಂದೊಂದು ಕಲ್ಪಕ್ಕೂ ಆಯುಸ್ಸನ್ನು ಗೊತ್ತುಮಾಡಿದೆ. 1908ರಲ್ಲಿ ಮೈಸೂರಿನಲ್ಲಿ ಆಯುರ್ವೇದ ವಿದ್ಯಾಶಾಲೆಯು ಸ್ಥಾಪಿತವಾಗಿ, 1913ರಲ್ಲಿ ಬಿ.ವಿ. ಪಂಡಿತರು ನಂಜನಗೂಡಿನಲ್ಲಿ ಸದ್ವೈದ್ಯಶಾಲೆಯನ್ನು ತೆರೆದ ಮೇಲೆ, ಈ ಪ್ರಾಚೀನ ಶಾಸ್ತ್ರವು ಕಪಿಲೆಯ ದಡದಲ್ಲಿ ವ್ಯವಹಾರದ ರೂಪವನ್ನು ತಳೆಯಿತು. ಆ ಶಾಲೆಯ ಹಲ್ಲುಪುಡಿಯ ಪೊಟ್ಟಣವು ಕನ್ನಡನಾಡಿನ ಮೂಲೆಮೂಲೆಗೂ ಊರಿನ ಹೆಸರನ್ನು ಕೊಂಡೊಯ್ದುದನ್ನು ಬಲ್ಲವರು ಇಂದಿಗೂ ಅಲ್ಲಲ್ಲಿ ಇರುವರು. ಕಾಲವೆಂಬುದು ಔಷಧಿಯ ಘಟಕದ್ರವ್ಯಗಳಲ್ಲಿ ಒಂದು, ಅದನ್ನೂ ಅಳೆದೇ ಹಾಕಬೇಕು ಎಂಬ ಈ ವಿವೇಕವು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಹೊಗೆಸೊಪ್ಪು ಈ ವಿವೇಕದ ಎಲ್ಲೆಯೊಳಕ್ಕೆ ತಡವಾಗಿ ಪ್ರವೇಶಿಸಿದ ಪರದೇಶಿ. ಅಮೇರಿಕಾ ಖಂಡದಲ್ಲಿ ಹುಟ್ಟಿ, ಪೋರ್ತುಗೀಸರ ಹಡಗುಗಳಲ್ಲಿ ಪಶ್ಚಿಮ ಕರಾವಳಿಯನ್ನು ಮುಟ್ಟಿ, ಹದಿನಾರನೆಯ ಶತಮಾನವು ಮುಗಿಯುವ ಹೊತ್ತಿಗೆ ಅದು ಘಟ್ಟದ ಮೇಲಕ್ಕೆ ಏರಿದ್ದಿತು. ಮೊಗಲರ ರಾಯಭಾರಿಯಾಗಿ ಬಿಜಾಪುರಕ್ಕೆ ಬಂದಿದ್ದ ಅಸದ್ ಬೇಗನು ಅಲ್ಲಿ ಅದನ್ನು ಕಂಡು ಬೆರಗಾಗಿ, ರತ್ನಖಚಿತವಾದ ನಳಿಗೆಯೊಂದಿಗೆ ಸೊಪ್ಪನ್ನೂ ಕೊಂಡೊಯ್ದು ಅಕ್ಬರನಿಗೆ ಅರ್ಪಿಸಿದ ವೃತ್ತಾಂತವನ್ನು ತಾನೇ ಬರೆದಿಟ್ಟಿದ್ದಾನೆ. ಬಾದಶಹನು ಕುತೂಹಲದಿಂದ ಒಂದೆರಡು ಬಾರಿ ಸೇದಲು, ಆಸ್ಥಾನದ ಹಕೀಮನು ಪರೀಕ್ಷಿಸದ ಪದಾರ್ಥವೆಂದು ತಡೆದನಂತೆ. 1604-05ರ ಸುಮಾರಿನ ಈ ಪ್ರಸಂಗವು ದೆಹಲಿ ಆಗ್ರಾಗಳ ಚರಿತ್ರೆಯಲ್ಲಿ ವರ್ಣಿತವಾಗುವುದುಂಟು. ಆದರೆ ಸೊಪ್ಪು ಹೋದದ್ದು ಕನ್ನಡ ನೆಲದಿಂದ ಎಂಬ ಸಂಗತಿಗೆ ನಮ್ಮವರು ಸಾಕಷ್ಟು ಗಮನವನ್ನು ಕೊಟ್ಟಂತಿಲ್ಲ. 1617ರಲ್ಲಿ ಜಹಾಂಗೀರನು ಅದನ್ನು ನಿಷೇಧಿಸಿದನು, ನಿಷೇಧವು ನಿಲ್ಲಲಿಲ್ಲ. ದಕ್ಷಿಣದಲ್ಲಿ ಅದು ವೀಳ್ಯದೆಲೆಯ ತಟ್ಟೆಗೂ, ನಶ್ಯದ ಡಬ್ಬಿಗೂ, ಬೀಡಿಗೂ, ಚುಟ್ಟಕ್ಕೂ ಹಂಚಿಹೋಯಿತು. ಮೈಸೂರು ಕಡೆಯ ಎಲೆಯಡಿಕೆಯ ಚೀಲದಲ್ಲಿ ಹೊಗೆಸೊಪ್ಪಿನ ತುಂಡಿಗೂ ಕಡ್ಡಿಪುಡಿಗೂ ಎಡೆಯಾಯಿತು.

ಇನ್ನು ಎಲೆಯ ಹದದ ವಿಷಯ. ಗಿಡದಿಂದ ಮುರಿದ ಹಸಿಯ ಹೊಗೆಸೊಪ್ಪು ಸೇದುವುದಕ್ಕಾಗಲಿ ಜಗಿಯುವುದಕ್ಕಾಗಲಿ ಒದಗುವ ವಸ್ತುವಲ್ಲ. ಚುಟ್ಟದ ಎಲೆಯನ್ನು ಮೊದಲು ನೆರಳಿನಲ್ಲಿ ತೂಗುಹಾಕಿ ಗಾಳಿಗೆ ಬಾಡಿಸಿ ಒಣಗಿಸುವರು. ಆಮೇಲೆ ಅದಕ್ಕೆ ತಕ್ಕಷ್ಟು ತೇವವನ್ನು ಕೊಟ್ಟು, ಕಟ್ಟುಗಳನ್ನು ಒಂದರ ಮೇಲೊಂದು ಒತ್ತಾಗಿ ಪೇರಿಸಿ ಅಟ್ಟಿ ಹಾಕುವರು. ಅಟ್ಟಿಯ ಒಡಲಿನಲ್ಲಿ ತನ್ನಷ್ಟಕ್ಕೆ ತಾನೇ ಕಾವು ಹುಟ್ಟಿ, ಕೈಯಿಟ್ಟರೆ ತಾಳಲಾರದಷ್ಟು ಏರುವುದು. ಆಗ ಅದನ್ನು ಕೆಡವಿ, ಒಳಗಿನ ಕಟ್ಟುಗಳನ್ನು ಹೊರಕ್ಕೂ ಹೊರಗಿನವನ್ನು ಒಳಕ್ಕೂ ತಂದು ಮತ್ತೆ ಪೇರಿಸಬೇಕು. ಹೀಗೆ ಹಲವು ಸಲ ಮಗುಚಿದಲ್ಲದೆ ಎಲೆಯೊಳಗಿನ ಅಮೋನಿಯದ ಘಾಟು ಹೊರಟುಹೋಗುವುದಿಲ್ಲ, ಖಾರ ತಗ್ಗುವುದಿಲ್ಲ, ಬಣ್ಣ ಸಮನಾಗಿ ಕಂದುವುದಿಲ್ಲ. ಕಾವು ಮಿತಿಮೀರಿತೋ, ಸೊಪ್ಪು ಸುಟ್ಟುಹೋಗುವುದು. ತೇವ ಹೆಚ್ಚಿತೋ, ಬೂಷ್ಟು ಹಿಡಿಯುವುದು. ಕಾವೇರಿಯ ಕೆಳಗಣ ದಿಂಡಿಗಲ್ಲು, ತಿರುಚಿನಾಪಳ್ಳಿಗಳಲ್ಲಿ ಈ ವಿದ್ಯೆಯು ಕುಲಕಸುಬಿನಂತೆ ಬೆಳೆದು, ತಿರುಚಿನಾಪಳ್ಳಿಯ ಚುಟ್ಟವು 1887ರಲ್ಲಿ ಪ್ರಕಟವಾದ ಮೊದಲನೆಯ ಷರ್ಲಾಕ್ ಹೋಮ್ಸ್ ಕಾದಂಬರಿಯಲ್ಲಿ ಅಪರಾಧಿಯ ಸುಳಿವಾಗಿ ಬರುವಷ್ಟು ವಿಖ್ಯಾತವಾಯಿತು. ಸ್ವಾತಂತ್ರ್ಯಾನಂತರ 1948ರಲ್ಲಿ ದಿಂಡಿಗಲ್ಲಿನ ಬಳಿಯ ವೇಡಸಂದೂರಿನಲ್ಲಿ ಚುಟ್ಟದ ಎಲೆಗೆಂದೇ ಸಂಶೋಧನಾಕೇಂದ್ರವೊಂದು ಆರಂಭವಾದುದು ಆ ಖ್ಯಾತಿಗೆ ತಕ್ಕುದಾಗಿಯೇ ಇದ್ದಿತು.

ಈ ಅಟ್ಟಿಯ ಕಾಲವನ್ನು ಕುರಿತು ಯಾರಲ್ಲಿಯೂ ಭಿನ್ನಾಭಿಪ್ರಾಯವಿಲ್ಲ. ವಾದವು ಹುಟ್ಟುವುದು ಚುಟ್ಟವನ್ನು ಸುತ್ತಿ ಮುಗಿಸಿದ ಮೇಲೆ. ಸುತ್ತುವಾಗ ಎಲೆಯನ್ನು ಮತ್ತೆ ತೇವಗೊಳಿಸಬೇಕಾಗುವುದರಿಂದ ಅಡಗಿದ್ದ ಘಾಟು ಪುನಃ ತಲೆಯೆತ್ತುವುದು. ಆದುದರಿಂದ ಸುತ್ತಿದ ತಿಂಗಳೊಳಗೆ ಎಳೆಯದಾಗಿಯೇ ಸೇದಿಬಿಡಬೇಕು, ಇಲ್ಲವೇ ವರ್ಷವಾದರೂ ಮುಟ್ಟದೆ ಕಾಯಬೇಕು, ನಡುವಣ ತಿಂಗಳುಗಳು ಚುಟ್ಟಕ್ಕೆ ಕಾಯಿಲೆಯ ತಿಂಗಳುಗಳು ಎಂದು ಬಲ್ಲವರು ಹೇಳುವರು. ಕೈಗೆಟುಕುವಲ್ಲಿಯೇ ಸುತ್ತುವವರಿದ್ದ ಕ್ಯೂಬಾದಲ್ಲಿ ಎಳೆಯ ಚುಟ್ಟಕ್ಕೆ ಆದರವಿದ್ದಿತು; ಸಮುದ್ರವನ್ನು ದಾಟಿ ಬಂದ ಸರಕನ್ನು ಕೊಳ್ಳುತ್ತಿದ್ದ ಇಂಗ್ಲೆಂಡಿನ ಸಿರಿವಂತರು ಸಿಡಾರ್ ಮರದ ಕಪಾಟುಗಳಲ್ಲಿ ಅದನ್ನು ವರ್ಷಗಟ್ಟಲೆ ಇರಿಸಿ, ಹಳೆಯ ದ್ರಾಕ್ಷಾಸವದಂತೆ ಗೌರವಿಸಿದರು. ಭಾರತದಲ್ಲಿ ಆ ಮರಕ್ಕೆ ಬದಲಾಗಿ ಬೇವಿನ ಬಳಗಕ್ಕೇ ಸೇರಿದ ತೂನ ಮರವು ಚುಟ್ಟದ ಪೆಟ್ಟಿಗೆಗಳಿಗೆ ಒದಗಿಬಂದಿತು. ಇಡುವ ಜಾಗದಲ್ಲಿ ಗಾಳಿಯ ತೇವವು ನೂರಕ್ಕೆ ಎಪ್ಪತ್ತರ ಆಸುಪಾಸಿನಲ್ಲಿ ಸ್ಥಿರವಾಗಿರಬೇಕು. ಸೆಖೆ ಏರಿದಲ್ಲಿ ಎಲೆಯೊಳಗೆ ಅಡಗಿದ್ದ ಮೊಟ್ಟೆಗಳೊಡೆದು, ಸಣ್ಣ ಕಂದು ಹುಳುಗಳು ಪೆಟ್ಟಿಗೆಯನ್ನೆಲ್ಲ ಸೂಜಿತೂತು ಮಾಡಿಬಿಡುವುವು.

ಎರಡರಲ್ಲಿ ಯಾವುದು ಸರಿ ಎಂದು ಕೇಳಿದರೆ, ಒಳ್ಳೆಯ ಎಲೆಯನ್ನು ಕಾಲವು ಮೃದುವಾಗಿಸುವುದೆಂದೂ ಕೆಟ್ಟ ಎಲೆಯನ್ನು ಯಾವ ಕಾಲವೂ ಒಳ್ಳೆಯದಾಗಿಸದೆಂದೂ ಹೇಳಿ ಮುಂದೆ ಹೋಗಬಯಸುತ್ತೇನೆ. ಘಾಟು ಕಡಮೆಯಾದ ಮಾತ್ರಕ್ಕೆ ವಿಷ ಕಡಮೆಯಾಗದು. ಹಳೆಯ ಚುಟ್ಟವೂ ಬಾಯಿಗೆ, ಗಂಟಲಿಗೆ, ಶ್ವಾಸಕೋಶಕ್ಕೆ ಹೊಸದರಷ್ಟೇ ಹಗೆ. ನನ್ನ ಮನಸ್ಸನ್ನು ಹಿಡಿದಿಡುವ ಪ್ರಶ್ನೆ ಬೇರೆ: ಕಾಯುವುದರಿಂದ ಸೊಪ್ಪಿನ ಬೆಲೆ ಏರುವುದು ನಿಜವಾದರೆ, ಕಾಯುವ ಶಕ್ತಿ ಯಾರಿಗಿದ್ದಿತು?

ಧಾನ್ಯದ ವಿಷಯದಲ್ಲಿ ಹಳೆಯ ಮೈಸೂರು ಸೀಮೆಯ ಒಕ್ಕಲಿಗನಿಗೆ ಅದು ಒಂದು ಮಟ್ಟಿಗೆ ಇದ್ದಿತು. ರಾಗಿಯನ್ನು ನೆಲದಲ್ಲಿ ತೋಡಿದ ಹಗೇವಿನೊಳಕ್ಕೆ ಸುರಿದು, ಬಾಯಿಗೆ ಹುಲ್ಲು ಹಾಸಿ ಮಣ್ಣು ಮುಚ್ಚಿದರೆ, ಅದು ವರ್ಷಾನುವರ್ಷ ಹುಳು ಮುಟ್ಟದೆ ಉಳಿಯುತ್ತಿದ್ದಿತು. ಕ್ಷಾಮದ ವರ್ಷದಲ್ಲಿ ತೆಗೆದರೆ ಊರೇ ಉಣ್ಣುತ್ತಿದ್ದಿತು. ಹಗೇವನ್ನು ತೋಡುವುದಕ್ಕೆ ಬೇಕಾದದ್ದು ಗಟ್ಟಿ ನೆಲವೂ ತೋಳಬಲವೂ ಮಾತ್ರ. ಭತ್ತದಲ್ಲಿ ಆಗಲೇ ಭೇದವು ಕಾಣಿಸಿಕೊಂಡಿದ್ದಿತು: ಕಣಜವಿದ್ದವನು ಹಳೆಯ ಅಕ್ಕಿಯನ್ನು ಉಂಡನು, ಕಣಜವಿಲ್ಲದವನು ಕಣದಲ್ಲಿಯೇ ಅಳೆದುಕೊಟ್ಟು, ಉಳಿದ ಹೊಸ ಅಕ್ಕಿಯನ್ನು ಉಂಡನು. ಹೊಗೆಸೊಪ್ಪಿನಲ್ಲಿಯಾದರೋ ಭೇದವು ಪೂರ್ಣವಾಯಿತು.

1910ರ ದಶಕದಲ್ಲಿ ಇಂಪೀರಿಯಲ್ ಟೊಬ್ಯಾಕೊ ಕಂಪೆನಿಯು ಬೆಂಗಳೂರಿನಲ್ಲಿ ಸಿಗರೇಟು ಕಾರ್ಖಾನೆಯನ್ನು ತೆರೆದ ಮೇಲೆ ಚುಟ್ಟದ ಯುಗವು ಮೆಲ್ಲಗೆ ಹಿಂದೆ ಸರಿಯಿತು. ಅನಂತರದ ದಶಕಗಳಲ್ಲಿ ಸಿಗರೇಟಿಗೆ ಬೇಕಾದ ವರ್ಜೀನಿಯಾ ಸೊಪ್ಪು, ನಂಜನಗೂಡಿನ ಪಶ್ಚಿಮಕ್ಕೆ ಹಬ್ಬಿರುವ ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣಗಳ ಹಗುರವಾದ ಕೆಂಪುಮಣ್ಣನ್ನು ಮೆಚ್ಚಿ ನೆಲೆಸಿತು. ಮುಂಗಾರಿನ ಆರಂಭದಲ್ಲಿ ಸಸಿಯನ್ನು ನೆಟ್ಟು, ಎಲೆ ಮಾಗಿದಂತೆ ಕೆಳಗಿನಿಂದ ಮೇಲಕ್ಕೆ ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಹದಮಾಡುವ ಮನೆಯಾದ ಬ್ಯಾರನ್ನಿನಲ್ಲಿ ಏರಿಸಿ, ಐದಾರು ದಿನಗಳವರೆಗೆ ಹಗಲಿರುಳೂ ಬೆಂಕಿಯನ್ನು ಕಾಯಬೇಕು: ಮೊದಲು ಎಲೆ ಹಳದಿಯಾಗುವಷ್ಟು ಮಂದವಾದ ಬಿಸಿ, ಆಮೇಲೆ ಎಲೆ ಒಣಗುವಷ್ಟು, ಕಡೆಗೆ ನಡುನರವೂ ಸಿಡಿಯುವಂತೆ ಒಣಗುವಷ್ಟು, ಸುಮಾರು ಎಪ್ಪತ್ತು ಡಿಗ್ರಿ ಸೆಂಟಿಗ್ರೇಡಿನವರೆಗೆ. ಒಂದು ರಾತ್ರಿ ಕಣ್ಣು ಮುಚ್ಚಿದರೆ ಒಂದು ಬ್ಯಾರನ್ನಿನ ಸೊಪ್ಪು ಕಪ್ಪಾಗಿ ಹೋಗುವುದು. ಈ ಶ್ರಮವೆಲ್ಲ ರೈತನದು. ಅವನ ಸಂಸಾರದ ಹೆಂಗಸರೂ ಮಕ್ಕಳೂ ಸೊಪ್ಪಿನ ಅಂಟಿನಿಂದ ಕಪ್ಪಾದ ಕೈಗಳಲ್ಲಿಯೇ ಉಣ್ಣುವ ದಿನಗಳವು.

ಇಷ್ಟಾದ ಮೇಲೂ ಎಲೆಯು ಸಿಗರೇಟಿಗೆ ಸಿದ್ಧವಾಗಿರುವುದಿಲ್ಲ. ಅದನ್ನು ದಂಟಿನಿಂದ ಬೇರ್ಪಡಿಸಿ, ಯಂತ್ರದಲ್ಲಿ ಮತ್ತೊಮ್ಮೆ ಒಣಗಿಸಿ, ಸಮನಾದ ತೇವವನ್ನು ನಿಲ್ಲಿಸಿ, ಪೆಟ್ಟಿಗೆಗಳಲ್ಲಿ ಒತ್ತಿ, ಉಗ್ರಾಣದಲ್ಲಿ ಒಂದೆರಡು ವರ್ಷ ಇಡಬೇಕು. ಹಸಿವಾಸನೆ ಹೋಗಿ ಪರಿಮಳವು ನೆಲೆಗೊಳ್ಳುವುದು ಅಲ್ಲಿ. ಆದರೆ ಆ ಹೊತ್ತಿಗೆ ಸೊಪ್ಪು ರೈತನದಾಗಿ ಉಳಿದಿರುವುದಿಲ್ಲ. ಸರ್ಕಾರವು 1943ರಲ್ಲಿ ಹೊಗೆಸೊಪ್ಪಿನ ಮೇಲೆ ಕೇಂದ್ರ ಅಬಕಾರಿ ಸುಂಕವನ್ನು ವಿಧಿಸಿ, ಸೊಪ್ಪು ಸುಂಕ ತೆರುವವರೆಗೆ ಅಧಿಕೃತ ಗೋದಾಮುಗಳಲ್ಲಿ ಲೆಕ್ಕಕ್ಕೆ ಒಳಪಟ್ಟಿರಬೇಕೆಂದು ಗೊತ್ತುಮಾಡಿದ ಮೇಲೆ, ಪರವಾನಗಿಯೂ ಬಂಡವಾಳವೂ ಉಳ್ಳವರಿಗಲ್ಲದೆ ಕಾಯುವುದು ಇನ್ನಷ್ಟು ದುಸ್ಸಾಧ್ಯವಾಯಿತು. ಬೀಡಿಯ ಸೊಪ್ಪಿಗೆ ಹೆಸರಾದ ನಿಪ್ಪಾಣಿಯಲ್ಲಿ ಬೆಲೆ ಕಟ್ಟುವ ಅಧಿಕಾರವೆಲ್ಲ ವರ್ತಕರ ಕೈಯಲ್ಲಿದ್ದುದರಿಂದ ನೊಂದ ಬೆಳೆಗಾರರು 1981ರಲ್ಲಿ ರೈತನಾಯಕ ಶರದ್ ಜೋಶಿಯವರ ನೇತೃತ್ವದಲ್ಲಿ ಹೆದ್ದಾರಿಯಲ್ಲಿ ಕುಳಿತರು. ಏಪ್ರಿಲ್ ತಿಂಗಳಲ್ಲಿ ಪೋಲೀಸರ ಗುಂಡಿಗೆ ಪ್ರಾಣಗಳು ಹೋದುವು. ಆ ರಕ್ತವನ್ನು ನೆನೆಯದೆ ಹೊಗೆಸೊಪ್ಪಿನ ರುಚಿಯ ಚರಿತ್ರೆಯನ್ನು ಮಾತ್ರ ಬರೆಯುವುದು ನ್ಯಾಯವಲ್ಲ.

1975ರ ಕಾಯಿದೆಯಂತೆ ತಂಬಾಕು ಮಂಡಳಿಯು 1976ರ ಜನವರಿ 1ರಂದು ರೂಪುಗೊಂಡು, 1984ರಲ್ಲಿ ಕರ್ನಾಟಕದ ವರ್ಜೀನಿಯಾ ಸೊಪ್ಪಿಗೆ ಹರಾಜು ಮಾರುಕಟ್ಟೆಗಳು ತೆರೆದ ಮೇಲೆ, ಖರೀದಿದಾರರು ಬಹಿರಂಗವಾಗಿ ಬೆಲೆ ಕೂಗುವಂತಾಯಿತು, ತೂಕದಲ್ಲಿ ಮೋಸ ತಗ್ಗಿತು. ಇದು ಸಣ್ಣ ಲಾಭವಲ್ಲ. ಆದರೂ ಹರಾಜಿನ ಕಟ್ಟೆಯ ಮೇಲೆ ಬೇಲನ್ನಿಟ್ಟು ನಿಂತ ರೈತನಿಗೆ, ಬಂದ ಬೆಲೆ ಹಿಡಿಸದಿದ್ದರೆ, ಸೊಪ್ಪನ್ನು ಮನೆಗೆ ಮರಳಿ ಒಯ್ದು ಎರಡು ವರ್ಷ ಹಳತು ಮಾಡುವೆನೆಂದು ಹೇಳುವ ಉಪಾಯವಿಲ್ಲ. ಬ್ಯಾರನ್ನಿನಿಂದ ಇಳಿದ ಎಲೆಯು ಗಾಳಿಯ ತೇವವನ್ನು ಬಹುಬೇಗ ಹೀರುವುದು. ಸಾಮಾನ್ಯವಾದ ಮನೆಯ ಅಟ್ಟದಲ್ಲಿಟ್ಟರೆ ಮುಂದಿನ ಮಳೆಗಾಲದೊಳಗೆ ಹೊಂಬಣ್ಣ ಮಾಸಿ, ಬೂಷ್ಟು ಹತ್ತಿ, ದರ್ಜೆ ಕುಸಿಯುವುದು. ಸೊಪ್ಪಿಗೆ ತಾಳಿಕೆಯನ್ನು ಕೊಡುವುದು ಮರಳಿ ಒಣಗಿಸುವ ಯಂತ್ರವೇ ಹೊರತು ಬೇರೆಯಲ್ಲ. ಆ ಯಂತ್ರವಾದರೋ ಮೈಸೂರಿನಲ್ಲಿ, ಆಂಧ್ರದ ಚೀರಾಲ, ಅನಪರ್ತಿಗಳಲ್ಲಿ ದೊಡ್ಡ ಸಂಸ್ಥೆಗಳ ಆವರಣದೊಳಗೆ ಇದೆ, ಮತ್ತು ಬೆಳೆಗಾರರ ಸಹಕಾರ ಸಂಘವೊಂದು ಅಂಥದನ್ನು ತನ್ನದಾಗಿ ಮಾಡಿಕೊಳ್ಳುವವರೆಗೆ ಕಪಿಲೆಯ ಮೇಲ್ಬದಿಯ ರೈತನು ತನ್ನ ಸೊಪ್ಪನ್ನು ಎಳೆಯದಾಗಿಯೇ ಮಾರಬೇಕಾಗಿದೆ.