ಇಂಗ್ಲೆಂಡಿನ ಗೃಹತೆರಿಗೆಯಲ್ಲಿ ವರ್ಗನಿರ್ಣಯದ ಮೇಲ್ಮನವಿ: ಒಂದು ವಿವೇಚನೆ

ಪ್ರಜೆಗಳ ಉಗ್ರ ವಿರೋಧಕ್ಕೆ ಗುರಿಯಾಗಿ ಅಳಿದ ತಲೆಗಂದಾಯದ ಸ್ಥಾನದಲ್ಲಿ, 1992ರ ಶಾಸನದಿಂದ ವಿಹಿತವಾಗಿ 1993ರ ಏಪ್ರಿಲ್ 1ರಂದು ಆಚರಣೆಗೆ ಬಂದ ಕೌನ್ಸಿಲ್ ತೆರಿಗೆಯು, ಇಂಗ್ಲೆಂಡಿನ ಪ್ರತಿಯೊಂದು ವಾಸಗೃಹವನ್ನೂ ಅದರ ಬೆಲೆಗೆ ಅನುಗುಣವಾಗಿ 'ಎ' ಮೊದಲ್ಗೊಂಡು 'ಎಚ್'ವರೆಗಿನ ಎಂಟು ಬ್ಯಾಂಡುಗಳಲ್ಲಿ ಒಂದಕ್ಕೆ ಸೇರಿಸುತ್ತದೆ. ಆ ಬೆಲೆಯಾದರೋ ಇಂದಿನದಲ್ಲ. 1991ರ ಏಪ್ರಿಲ್ 1ರಂದು ಆ ಮನೆ ಮುಕ್ತ ಮಾರುಕಟ್ಟೆಯಲ್ಲಿ ಎಷ್ಟಕ್ಕೆ ಬಿಕರಿಯಾಗುತ್ತಿತ್ತೆಂಬ ಊಹೆ. ಅಂದು ಅಡಿಪಾಯವೇ ಇಲ್ಲದಿದ್ದ, 2020ರಲ್ಲಿ ಕಟ್ಟಿದ ಮನೆಗೂ ಇದೇ ನಿಯಮ! ಆದುದರಿಂದ ತನ್ನ ಬ್ಯಾಂಡನ್ನು ಪ್ರಶ್ನಿಸುವ ಗೃಹಸ್ಥನು ಅರ್ಥಶಾಸ್ತ್ರಜ್ಞನಿಗಿಂತ ಹೆಚ್ಚಾಗಿ ಇತಿಹಾಸಕಾರನಾಗಬೇಕಾಗುತ್ತದೆಂಬುದು ಪ್ರಕೃತ ಲೇಖನದ ಪ್ರತಿಪಾದನೆ.

ಮೂಲ ಮೌಲ್ಯಮಾಪನವು ಎಷ್ಟು ತ್ವರೆಯಿಂದ ನಡೆಯಿತೆಂದರೆ, ಅನೇಕ ಬೀದಿಗಳಲ್ಲಿ ಮಾಪಕರು ಕಾರಿನಿಂದಿಳಿಯದೆಯೇ ಮನೆಗಳ ಹೊರನೋಟವನ್ನಷ್ಟೇ ಕಂಡು ಬ್ಯಾಂಡನ್ನು ಗೊತ್ತುಮಾಡಿದರು. ಜನ ಇದನ್ನು 'ಸೆಕೆಂಡ್ ಗೇರ್ ಮೌಲ್ಯಮಾಪನ'ವೆಂದು ಲೇವಡಿ ಮಾಡಿದರು. ಆ ಅವಸರದ ಪ್ರಮಾದವನ್ನು ಸಾಧಿಸಿ ತೋರಿಸುವ ಹೊಣೆ ಮಾತ್ರ ಈಗ ತೆರಿಗೆದಾರನದು. ಅವನಿಗೆ ನೆರವಾಗುವ ಸಾಕ್ಷ್ಯಗಳು ಮುಖ್ಯವಾಗಿ ಎರಡು: ವಿಸ್ತೀರ್ಣದಲ್ಲಿಯೂ ರಚನೆಯಲ್ಲಿಯೂ ಸಮಾನವಾದ ನೆರೆಮನೆಗಳು ಕೆಳಗಿನ ಬ್ಯಾಂಡಿನಲ್ಲಿರುವುದು; ಮತ್ತು 1991ರ ಆಸುಪಾಸಿನ ಮಾರಾಟದ ಬೆಲೆಗಳು. ಛಾವಣಿ ಸೋರುತ್ತದೆ, ಗೋಡೆ ಬಿರಿದಿದೆ ಎಂಬ ವಾದ ಸಾಮಾನ್ಯವಾಗಿ ನಿಲ್ಲದು; ಏಕೆಂದರೆ ಮನೆ ಯುಕ್ತವಾದ ದುರಸ್ತಿಯಲ್ಲಿದೆಯೆಂದೇ ನಿಯಮವು ಭಾವಿಸುತ್ತದೆ. 'ಡಿ' ಬ್ಯಾಂಡು 68,001ರಿಂದ 88,000 ಪೌಂಡುಗಳವರೆಗೆ ಹಬ್ಬಿರುವುದರಿಂದ, ಬೆಲೆಯ ಊಹೆಯಲ್ಲಿ ಹತ್ತು ಸಾವಿರದಷ್ಟು ತಪ್ಪಿದ್ದರೂ ಎಷ್ಟೋ ವೇಳೆ ಫಲ ಶೂನ್ಯ.

ಮನೆಯ ತೆರಿಗೆಗೆ ಹೊಸದಾಗಿ ಬಾಧ್ಯನಾದವನು ಆರು ತಿಂಗಳೊಳಗೆ ವಿಧ್ಯುಕ್ತ ತಕರಾರನ್ನು ಸಲ್ಲಿಸಬಹುದು. ಮೌಲ್ಯಮಾಪನಾಧಿಕಾರಿಯ ನಿರ್ಣಯ ಒಪ್ಪಿಗೆಯಾಗದಿದ್ದರೆ ಮೂರು ತಿಂಗಳೊಳಗೆ ಮೌಲ್ಯಮಾಪನ ನ್ಯಾಯಮಂಡಳಿಗೆ ಶುಲ್ಕವಿಲ್ಲದೆ ಹೋಗಬಹುದು. ಅವಧಿ ಮೀರಿದವನು ಸಾಕ್ಷ್ಯವನ್ನೊಡ್ಡಿ ಪುನರ್ವಿಮರ್ಶೆಯನ್ನು ಬೇಡಬಹುದಾದರೂ, ಅಲ್ಲಿ ನಿರಾಕರಣೆಯಾದರೆ ಮಂಡಳಿಯ ಬಾಗಿಲು ಅವನಿಗೆ ತೆರೆಯದು. ವಿಚಾರಣೆ ಮುಗಿಯುವವರೆಗೂ ಹಳೆಯ ದರದಲ್ಲಿಯೇ ತೆರಿಗೆ ತೆರುತ್ತಿರಬೇಕು. ಇದೆಲ್ಲಕ್ಕಿಂತ ಗಮನಾರ್ಹವಾದುದು, ಪರಿಶೀಲನೆಯಿಂದ ಬ್ಯಾಂಡು ಮೇಲಕ್ಕೂ ಏರಬಹುದೆಂಬುದು; ತಾನು ನಿದರ್ಶನವಾಗಿ ತೋರಿಸಿದ ನೆರೆಯವನ ಬ್ಯಾಂಡೇ ತಪ್ಪೆಂದು ತೀರ್ಮಾನವಾಗಿ, ಅವನ ತೆರಿಗೆ ಹೆಚ್ಚುವುದೂ ಉಂಟು. ಬೀದಿಯ ಸೌಹಾರ್ದಕ್ಕೆ ಇದಕ್ಕಿಂತ ಕಠಿಣವಾದ ಪರೀಕ್ಷೆ ಬೇರೆ ಬೇಕೆ?

ಇಷ್ಟಾದರೂ ಮೇಲ್ಮನವಿಯು ತಿದ್ದಬಲ್ಲದು ಒಂದು ಮನೆಯ ಸ್ಥಾನವನ್ನು ಮಾತ್ರವೇ ಹೊರತು ಶ್ರೇಣಿಯ ವಕ್ರತೆಯನ್ನಲ್ಲ. 'ಎಚ್' ಬ್ಯಾಂಡಿನ ಮನೆಯ 1991ರ ಬೆಲೆ 'ಎ' ಬ್ಯಾಂಡಿನ ಗರಿಷ್ಠ ಬೆಲೆಯ ಎಂಟು ಮಡಿಗೂ ಮಿಗಿಲು. ತೆರಿಗೆ ಕೇವಲ ಮೂರು ಮಡಿ. ಇನ್ನು ಬೆಲೆಗಳ ಹಳತನದ ಮಾತಿಗೆ ಬಂದರೆ, ವೇಲ್ಸ್ 2003ರ ಬೆಲೆಗಳನ್ನು ಆಧರಿಸಿದ ಹೊಸ ಪಟ್ಟಿಯನ್ನು 2005ರಲ್ಲಿ ಜಾರಿಗೆ ತಂದಿತು. ಇಂಗ್ಲೆಂಡಿನಲ್ಲಿ 2007ಕ್ಕೆ ಗೊತ್ತಾಗಿದ್ದ ಮರುಮೌಲ್ಯಮಾಪನವನ್ನು ಅದೇ 2005ರಲ್ಲಿ ಸರ್ಕಾರವು ಮುಂದಕ್ಕೆ ಹಾಕಿತು.