ಲ್ಯಾವೆಂಡರ್: ತೋಟ ವೀಕ್ಷಣೆ ಹಾಗೂ ಮನೆಯಂಗಳದಲ್ಲಿ ಬೆಳೆಸುವ ಕ್ರಮ – ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಲ್ಯಾವೆಂಡರ್ ತುಳಸಿ, ಪುದೀನ ಮತ್ತು ದೊಡ್ಡಪತ್ರೆಗಳ ಕುಟುಂಬಕ್ಕೆ ಸೇರಿದ ಬಹುವಾರ್ಷಿಕ ಸುಗಂಧ ಸಸ್ಯವಾಗಿದೆ. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಒಣ, ಕಲ್ಲುಮಿಶ್ರಿತ, ಸುಣ್ಣದಂಶವುಳ್ಳ ಬೆಟ್ಟಪ್ರದೇಶವು ಇದರ ಮೂಲ ನೆಲೆ. ಈ ಜಾತಿಯಲ್ಲಿ 40ಕ್ಕೂ ಹೆಚ್ಚು ಪ್ರಭೇದಗಳಿದ್ದು, ಉತ್ತಮ ದರ್ಜೆಯ ತೈಲಕ್ಕಾಗಿ ಬೆಳೆಯಲಾಗುವುದು ಮುಖ್ಯವಾಗಿ ಲ್ಯಾವೆಂಡುಲಾ ಅಂಗುಸ್ಟಿಫೋಲಿಯಾ ಎಂಬ ಪ್ರಭೇದವನ್ನು. ಇದನ್ನು ವಾಡಿಕೆಯಲ್ಲಿ ಇಂಗ್ಲಿಷ್ ಲ್ಯಾವೆಂಡರ್ ಎನ್ನಲಾಗುತ್ತದೆ. ಲಿನಾಲೂಲ್ ಮತ್ತು ಲಿನಾಲೈಲ್ ಅಸಿಟೇಟ್ ಎಂಬ ಸಂಯುಕ್ತಗಳು ಇದರ ಪರಿಮಳಕ್ಕೆ ಮುಖ್ಯ ಕಾರಣ. ಸುಗಂಧ ದ್ರವ್ಯ, ಸಾಬೂನು ಹಾಗೂ ಪ್ರಸಾಧನ ಸಾಮಗ್ರಿಗಳ ತಯಾರಿಕೆಯಲ್ಲಿ ಈ ತೈಲವು ಬಳಕೆಯಾಗುತ್ತದೆ.

ಜಮ್ಮು ಮತ್ತು ಕಾಶ್ಮೀರದ ನೇರಳೆ ಹೊಲಗಳ ಚಿತ್ರಗಳನ್ನು ಕಂಡವರಲ್ಲಿ ಅವುಗಳನ್ನು ನೋಡಬೇಕೆಂಬ ಅಪೇಕ್ಷೆಯೂ, ನೋಡಿ ಬಂದವರಲ್ಲಿ ತಮ್ಮ ಮನೆಯಲ್ಲಿ ಒಂದು ಗಿಡವಾದರೂ ಇರಲೆಂಬ ಆಸೆಯೂ ಮೂಡುವುದು ಸಹಜ. ಮೊದಲನೆಯದು ಸರಿಯಾದ ತಿಂಗಳನ್ನು ಆರಿಸಿಕೊಂಡಲ್ಲಿ ಸುಲಭಸಾಧ್ಯ. ಎರಡನೆಯದಕ್ಕೆ ನಮ್ಮ ರಾಜ್ಯದ ಹವಾಗುಣವನ್ನು ಅರಿತು ನಡೆಯುವುದು ಅಗತ್ಯ. ಕುಂಡದ ಒಂದು ಗಿಡ ಒಣಗಿದರೆ ಆಗುವ ನಷ್ಟ ಅಲ್ಪ. ಆದರೆ ಅದೇ ಆಸೆಯಿಂದ ಎಕರೆಗಟ್ಟಲೆ ನಾಟಿ ಮಾಡಲು ಸಾಲ ಮಾಡಿದಲ್ಲಿ ಆಗುವ ನಷ್ಟ ಕುಟುಂಬವನ್ನೇ ಬಾಧಿಸಬಹುದು. ಆದುದರಿಂದ ಈ ಮಾಹಿತಿಯನ್ನು ಪೂರ್ಣವಾಗಿ ಓದಿಕೊಳ್ಳುವುದು ಸೂಕ್ತ.

ಭಾರತದಲ್ಲಿ ಲ್ಯಾವೆಂಡರ್ ಬೆಳೆಯುವ ಪ್ರದೇಶ

ದೇಶದಲ್ಲಿ ಲ್ಯಾವೆಂಡರ್ ಕೃಷಿಯು ಹಿಮಾಲಯದ ತಂಪು ಪ್ರದೇಶಗಳಲ್ಲಿ ನೆಲೆಗೊಂಡಿದೆ. ಇವುಗಳಲ್ಲಿ ಹೆಚ್ಚು ಪ್ರಸಿದ್ಧವಾದುದು ಜಮ್ಮು ವಿಭಾಗದ ದೋಡಾ ಜಿಲ್ಲೆಯ ಭದರ್ವಾ. ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿರುವ ಈ ಕಣಿವೆಯ ಇಳಿಜಾರುಗಳಲ್ಲಿ ಹಿಂದೆ ಮೆಕ್ಕೆಜೋಳ ಬೆಳೆಯುತ್ತಿದ್ದ ಅನೇಕ ಸಣ್ಣ ರೈತರು ಲ್ಯಾವೆಂಡರ್ ಬೆಳೆಗೆ ಬದಲಾಗಿದ್ದಾರೆ. ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಗೆ ಸೇರಿದ, ಜಮ್ಮುವಿನಲ್ಲಿರುವ ಭಾರತೀಯ ಸಮಗ್ರ ವೈದ್ಯ ಸಂಸ್ಥೆಯು ಈ ಬದಲಾವಣೆಗೆ ಆಧಾರವಾಯಿತು. 2007ರವರೆಗೆ ಪ್ರಾದೇಶಿಕ ಸಂಶೋಧನಾ ಪ್ರಯೋಗಾಲಯವೆಂದು ಕರೆಯಲ್ಪಡುತ್ತಿದ್ದ ಈ ಸಂಸ್ಥೆಯು ಅಭಿವೃದ್ಧಿಪಡಿಸಿದ ತಳಿಯ ಹೆಸರು ಆರ್‌ಆರ್‌ಎಲ್-12. ಅರೋಮಾ ಮಿಷನ್ ಕಾರ್ಯಕ್ರಮದಡಿ ಮೊದಲ ಬಾರಿಗೆ ಬೆಳೆಯುವ ರೈತರಿಗೆ ಸಸಿಗಳನ್ನು ಉಚಿತವಾಗಿ ನೀಡಲಾಯಿತು ಹಾಗೂ ತೈಲ ತೆಗೆಯುವ ಭಟ್ಟಿ ಘಟಕಗಳನ್ನು ಸ್ಥಾಪಿಸಲಾಯಿತು. ಈ ಕಾರ್ಯಕ್ರಮದ ಎರಡನೆಯ ಹಂತವು 2021ರಲ್ಲಿ ಆರಂಭವಾಯಿತು. 2022ರ ಮೇ ತಿಂಗಳಿನಲ್ಲಿ ಭದರ್ವಾದಲ್ಲಿ ಪ್ರಥಮ ಲ್ಯಾವೆಂಡರ್ ಉತ್ಸವ ನಡೆಯಿತು. ಕಾಶ್ಮೀರ ಕಣಿವೆಯಲ್ಲಿ ಇದೇ ಸಂಸ್ಥೆಯ ಕ್ಷೇತ್ರ ಕೇಂದ್ರವು ಪುಲ್ವಾಮಾ ಜಿಲ್ಲೆಯ ಬೋನೆರಾದಲ್ಲಿದೆ. ಅನಂತನಾಗ್ ಜಿಲ್ಲೆಯ ಸಿರ್ಹಾಮಾದಲ್ಲಿಯೂ ಲ್ಯಾವೆಂಡರ್ ತೋಟವಿದೆ.

ತೋಟಗಳಿಗೆ ಭೇಟಿ ನೀಡುವವರ ಗಮನಕ್ಕೆ

ಹೂವಿನ ಕಾಲವು ಚಿಕ್ಕದು. ಎತ್ತರ ಹಾಗೂ ಆಯಾ ವರ್ಷದ ಮಳೆಗೆ ಅನುಗುಣವಾಗಿ ತುಸು ಹಿಂದುಮುಂದಾದರೂ, ಜೂನ್ ಮತ್ತು ಜುಲೈ ತಿಂಗಳುಗಳೇ ಮುಖ್ಯ. ಕೊಯ್ಲು ಆರಂಭವಾದ ಮೇಲೆ ಒಂದೊಂದಾಗಿ ಹೊಲಗಳು ಬಣ್ಣ ಕಳೆದುಕೊಳ್ಳುತ್ತವೆ. ಆಗಸ್ಟ್ ತಿಂಗಳಿನಲ್ಲಿ ಹೋದವರಿಗೆ ಕಾಣುವುದು ಕತ್ತರಿಸಿದ ಬೂದುಹಸಿರು ಪೊದೆಗಳ ಸಾಲು ಮಾತ್ರ. ಶಾಲಾ ರಜೆಯನ್ನು ನೋಡಿಕೊಂಡು ಏಪ್ರಿಲ್ ತಿಂಗಳಿಗೆ ಪ್ರಯಾಣದ ಚೀಟಿ ಕಾಯ್ದಿರಿಸುವ ಕುಟುಂಬಗಳು ಈ ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಆ ಸಮಯದಲ್ಲಿ ಶ್ರೀನಗರದಲ್ಲಿ ಟುಲಿಪ್ ಹೂಗಳಿರುತ್ತವೆಯೇ ಹೊರತು ಲ್ಯಾವೆಂಡರ್ ಹೂವು ಇರುವುದಿಲ್ಲ.

ಜಮ್ಮುವಿನಿಂದ ಭದರ್ವಾಕ್ಕೆ ಬಟೋಟ್ ಹಾಗೂ ದೋಡಾ ಮಾರ್ಗವಾಗಿ ಸುಮಾರು 200 ಕಿ.ಮೀ. ರಸ್ತೆ ಪ್ರಯಾಣವಿದೆ. ಬೆಟ್ಟದ ರಸ್ತೆಯಾದುದರಿಂದ ಒಂದು ಹಗಲನ್ನು ಪ್ರಯಾಣಕ್ಕೇ ಮೀಸಲಿಡುವುದು ಕ್ಷೇಮ. ಮಳೆ ಹೆಚ್ಚಿದಾಗ ಭೂಕುಸಿತದಿಂದ ಸಂಚಾರಕ್ಕೆ ಅಡಚಣೆಯಾಗುವ ಸಂಭವವಿರುವುದರಿಂದ ಮರಳುವ ರೈಲು ಅಥವಾ ವಿಮಾನಕ್ಕೆ ಒಂದು ದಿನದ ಬಿಡುವು ಇಟ್ಟುಕೊಳ್ಳಬೇಕು. ಕಾಶ್ಮೀರ ಕಣಿವೆಗೆ 2025ರ ಜೂನ್ ತಿಂಗಳಿನಿಂದ ಕಟ್ರಾದಿಂದ ಶ್ರೀನಗರದವರೆಗೆ ರೈಲು ಸಂಪರ್ಕವಿದೆ. 2025ರ ಏಪ್ರಿಲ್ 22ರಂದು ಪಹಲ್ಗಾಮ್ ಬಳಿ ನಡೆದ ದಾಳಿಯ ನಂತರ ಹಲವು ಪ್ರವಾಸಿ ತಾಣಗಳನ್ನು ಮುಚ್ಚಿ, ಅನಂತರ ಹಂತಹಂತವಾಗಿ ತೆರೆಯಲಾಯಿತು. ಆದ ಕಾರಣ ಹೊರಡುವ ಮುನ್ನ ಅಲ್ಲಿನ ಪ್ರವಾಸೋದ್ಯಮ ಇಲಾಖೆಯ ಇತ್ತೀಚಿನ ಪ್ರಕಟಣೆಯನ್ನು ಪರಿಶೀಲಿಸತಕ್ಕದ್ದು.

ಭದರ್ವಾದ ಬಹುತೇಕ ಹೊಲಗಳು ರೈತರ ಸ್ವಂತ ಜಮೀನುಗಳೇ ಹೊರತು ಉದ್ಯಾನವನಗಳಲ್ಲ. ಮಾಲೀಕರ ಅನುಮತಿ ಪಡೆದು, ಸಾಲುಗಳ ನಡುವಿನ ದಾರಿಯಲ್ಲಿಯೇ ನಡೆಯಬೇಕು. ಛಾಯಾಚಿತ್ರಕ್ಕಾಗಿ ಪೊದೆಗಳ ಮೇಲೆ ಕುಳಿತುಕೊಳ್ಳುವುದರಿಂದ ಮುರಿಯುವುದು ರೈತನ ಆ ವರ್ಷದ ವರಮಾನ. ಕೆಲಸದಲ್ಲಿ ತೊಡಗಿರುವ ಮಹಿಳೆಯರ ಚಿತ್ರ ತೆಗೆಯುವ ಮೊದಲು ಅವರ ಒಪ್ಪಿಗೆ ಕೇಳುವುದು ಸೌಜನ್ಯ. ಹೂವಿನ ಮೇಲೆ ಜೇನುನೊಣಗಳು ದಟ್ಟವಾಗಿರುವುದರಿಂದ ಕಡಿತದ ಅಲರ್ಜಿ ಇರುವವರು ವೈದ್ಯರು ಸೂಚಿಸಿದ ಔಷಧಿಯನ್ನು ಜೊತೆಯಲ್ಲಿಟ್ಟುಕೊಳ್ಳಬೇಕು.

ಅವಕಾಶವಿದ್ದಲ್ಲಿ ಭಟ್ಟಿ ಘಟಕವನ್ನು ತಪ್ಪದೆ ನೋಡುವುದು. ವಾಸ್ತವವಾಗಿ ಹೊಲಕ್ಕಿಂತ ಅಲ್ಲಿಯೇ ಕಲಿಯುವುದು ಹೆಚ್ಚು. ಕೊಯ್ದ ಹೂದಂಟುಗಳನ್ನು ಮುಚ್ಚಿದ ಪಾತ್ರೆಯಲ್ಲಿ ತುಂಬಿ ಅವುಗಳ ಮೂಲಕ ಹಬೆ ಹಾಯಿಸಲಾಗುತ್ತದೆ. ಹಬೆಯೊಡನೆ ಮೇಲೇಳುವ ತೈಲವು ತಣಿಸುವ ಕೊಳವೆಯಲ್ಲಿ ದ್ರವವಾಗಿ, ನೀರಿನ ಮೇಲೆ ತೇಲಿ ಬೇರೆಯಾಗುತ್ತದೆ. ನೂರು ಕಿಲೋ ಹಸಿ ಹೂವಿನಿಂದ ದೊರೆಯುವ ತೈಲ ಒಂದು ಕಿಲೋ ಆಸುಪಾಸಿನಷ್ಟೇ. ಈ ಲೆಕ್ಕ ತಿಳಿದಿದ್ದಲ್ಲಿ ರಸ್ತೆಬದಿಯಲ್ಲಿ ಅತಿ ಕಡಿಮೆ ಬೆಲೆಗೆ ಮಾರುವ ದೊಡ್ಡ ಸೀಸೆಗಳ ಬಗ್ಗೆ ಸಂಶಯ ತಾನಾಗಿ ಮೂಡುತ್ತದೆ. ಶುದ್ಧ ತೈಲವು ಬಣ್ಣರಹಿತವಾಗಿ ಅಥವಾ ತಿಳಿ ಹಳದಿಯಾಗಿರುತ್ತದೆ. ನೇರಳೆ ಬಣ್ಣದ ತೈಲವೆಂದರೆ ಅದಕ್ಕೆ ಬಣ್ಣ ಬೆರೆಸಲಾಗಿದೆ ಎಂದೇ ಅರ್ಥ.

ಕರ್ನಾಟಕದ ಹವಾಗುಣದಲ್ಲಿ ಲ್ಯಾವೆಂಡರ್

ಇಂಗ್ಲಿಷ್ ಲ್ಯಾವೆಂಡರ್ ಹೇರಳವಾಗಿ ಹೂ ಬಿಡಲು ಚಳಿಗಾಲದಲ್ಲಿ ಹಲವು ವಾರಗಳ ನೈಜ ಶೀತವೂ, ಅನಂತರ ದೀರ್ಘವಾದ ಹಗಲೂ ಅನುಕೂಲಕರ. ಭದರ್ವಾದಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಕಿರಿಯ ಹಗಲಿಗೂ ನಾಲ್ಕು ಗಂಟೆಗಳಷ್ಟು ಅಂತರವಿದೆ. ಬೆಂಗಳೂರಿನಲ್ಲಿ ಈ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಹಿಮ ಬೀಳುವ ಚಳಿಯಂತೂ ಇಲ್ಲಿಲ್ಲ. ಆದುದರಿಂದ ಅಲ್ಲಿಂದ ತಂದ ಸಸಿಯು ಬೆಂಗಳೂರು, ಮೈಸೂರು, ಚಿಕ್ಕಮಗಳೂರುಗಳಂತಹ ಕಡೆ ಬದುಕಿಕೊಂಡರೂ ಹೂವು ವಿರಳ. ಕರಾವಳಿಯಲ್ಲಿ ಮಳೆ ಮತ್ತು ತೇವಾಂಶ ಹೆಚ್ಚಾಗಿರುವುದರಿಂದಲೂ, ರಾಯಚೂರು, ಕಲಬುರಗಿ ಭಾಗದಲ್ಲಿ ಬೇಸಿಗೆಯ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದಲೂ ಅಲ್ಲಿ ಈ ಪ್ರಭೇದವು ಸೂಕ್ತವಲ್ಲ.

ಮನೆಯಂಗಳಕ್ಕೆ ಹೆಚ್ಚು ಹೊಂದುವುದು ಎಲೆಯ ಅಂಚು ಗರಗಸದಂತಿರುವ ಲ್ಯಾವೆಂಡುಲಾ ಡೆಂಟಾಟಾ ಪ್ರಭೇದ. ಇದಕ್ಕೆ ಚಳಿಯ ಅಗತ್ಯ ಕಡಿಮೆ, ಹೂವಿನ ಅವಧಿ ದೀರ್ಘ. ಪರಿಮಳದಲ್ಲಿ ಕರ್ಪೂರದ ಛಾಯೆ ಹೆಚ್ಚು. ಜರೀಗಿಡದಂತಹ ಸೀಳೆಲೆಯ ಲ್ಯಾವೆಂಡುಲಾ ಮಲ್ಟಿಫಿಡಾ ಸಹ ಬೆಚ್ಚಗಿನ ಹವೆಯನ್ನು ಸಹಿಸುತ್ತದೆ. ಪ್ರಸಂಗವಶಾತ್ ಹೇಳುವುದಾದರೆ, ಈ ಜಾತಿಯು ದಕ್ಷಿಣ ಭಾರತಕ್ಕೆ ಸಂಪೂರ್ಣ ಪರಕೀಯವೇನಲ್ಲ. ಲ್ಯಾವೆಂಡುಲಾ ಬೈಪಿನ್ನಾಟಾ ಎಂಬ ಕಾಡು ಪ್ರಭೇದವು ದಖ್ಖನ್ ಪ್ರಸ್ಥಭೂಮಿಯಲ್ಲಿ ತಾನಾಗಿಯೇ ಬೆಳೆಯುತ್ತದೆ. ಆದರೆ ಸುಗಂಧ ತೈಲದ ಬೆಳೆಗೂ ಇದಕ್ಕೂ ಸಂಬಂಧವಿಲ್ಲ.

ಸಸಿ ಕೊಳ್ಳುವಾಗ ಎಲೆಯನ್ನು ಬೆರಳುಗಳ ನಡುವೆ ಉಜ್ಜಿ ನೋಡಬೇಕು. ನೇರಳೆ ತೆನೆ ಬಿಡುವ ಸಾಲ್ವಿಯಾ ಮುಂತಾದ ಅಲಂಕಾರಿಕ ಗಿಡಗಳನ್ನು ಲ್ಯಾವೆಂಡರ್ ಎಂದು ತಪ್ಪಾಗಿ ಕೊಳ್ಳುವ ಸಂಭವವಿದೆ. ಅವುಗಳ ಎಲೆಯಲ್ಲಿ ಲ್ಯಾವೆಂಡರ್ ಪರಿಮಳವಿರುವುದಿಲ್ಲ.

ಕುಂಡದಲ್ಲಿ ಬೆಳೆಸುವ ವಿಧಾನ

ಮೊದಲಿಗೇ ತಿಳಿಸಬೇಕಾದ ಸಂಗತಿಯೆಂದರೆ, ನಮ್ಮ ಮನೆಗಳಲ್ಲಿ ಲ್ಯಾವೆಂಡರ್ ಸಾಯುವುದು ನಿರ್ಲಕ್ಷ್ಯದಿಂದಲ್ಲ, ಬಹುತೇಕ ಅತಿಯಾದ ಆರೈಕೆಯಿಂದ. ತುಳಸಿಕಟ್ಟೆಗೆ ದಿನವೂ ನೀರೆರೆಯುವ ರೂಢಿಯಂತೆ ಇದಕ್ಕೂ ಎರೆದಲ್ಲಿ ಬೇರು ಕೊಳೆಯುತ್ತದೆ. ಕೊಳೆತ ಬೇರಿನ ಗಿಡ ಬಾಡುವುದನ್ನು ಕಂಡು ನೀರು ಸಾಲದಾಗಿದೆಯೆಂದು ಭಾವಿಸಿ ಮತ್ತಷ್ಟು ಎರೆಯಲಾಗುತ್ತದೆ. ಬಾಡಿದ ಗಿಡದ ಮಣ್ಣನ್ನು ಬೆರಳಿನಿಂದ ಮುಟ್ಟಿ ನೋಡದೆ ನೀರು ಹಾಕಬಾರದು. ಮಣ್ಣು ಒದ್ದೆಯಾಗಿದ್ದೂ ಗಿಡ ಬಾಡಿದ್ದಲ್ಲಿ ಅದು ಬೇರುಕೊಳೆಯ ಲಕ್ಷಣ.

ಅಡಿಯಲ್ಲಿ ರಂಧ್ರಗಳಿರುವ, 25ರಿಂದ 30 ಸೆಂ.ಮೀ. ಅಗಲದ, ಸುಟ್ಟ, ಬಣ್ಣ ಬಳಿಯದ ಮಣ್ಣಿನ ಕುಂಡವು ಪ್ಲಾಸ್ಟಿಕ್ ಕುಂಡಕ್ಕಿಂತ ಉತ್ತಮ. ಅದರ ಗೋಡೆಯ ಮೂಲಕವೂ ತೇವ ಆರುತ್ತದೆ. ಎರಡು ಪಾಲು ಕೆಂಪು ಮಣ್ಣು, ಎರಡು ಪಾಲು ದಪ್ಪ ಮರಳು ಅಥವಾ ಇಟ್ಟಿಗೆಯ ಸಣ್ಣ ಚೂರು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ ಸೇರಿಸಿದ ಮಿಶ್ರಣ ಸಾಕು. ತೆಂಗಿನ ನಾರಿನ ಪುಡಿಯು ನೀರನ್ನು ಹಿಡಿದಿಡುವುದರಿಂದ ಈ ಗಿಡಕ್ಕೆ ಅದನ್ನು ಹೆಚ್ಚಾಗಿ ಬಳಸಬಾರದು. ಮಣ್ಣಿನ ರಸಸಾರ 6.5ರಿಂದ 8ರೊಳಗಿರುವುದು ಒಳ್ಳೆಯದು. ಮಲೆನಾಡಿನ ಹುಳಿ ಮಣ್ಣಿಗೆ ಸ್ವಲ್ಪ ಕೃಷಿ ಸುಣ್ಣ ಬೆರೆಸಬಹುದು. ಕುಂಡದ ಕೆಳಗೆ ನೀರು ನಿಲ್ಲುವ ತಟ್ಟೆ ಇಡತಕ್ಕದ್ದಲ್ಲ.

ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು ಬೀಳುವ, ಗಾಳಿಯಾಡುವ ಸ್ಥಳ ಬೇಕು. ಮನೆಯೊಳಗಿನ ಮೇಜಿನ ಮೇಲೆ ಇದು ಉಳಿಯುವುದಿಲ್ಲ. ಮೇಲ್ಮಣ್ಣು ಎರಡು ಮೂರು ಸೆಂ.ಮೀ. ಆಳದವರೆಗೆ ಒಣಗಿದ ನಂತರವೇ ಬುಡಕ್ಕೆ ನೀರುಣಿಸಿ, ಎಲೆಗಳ ಮೇಲೆ ಸಿಂಪಡಿಸುವುದನ್ನು ಬಿಡಬೇಕು. ಜೂನ್‌ನಿಂದ ಅಕ್ಟೋಬರ್‌ವರೆಗೆ ಕುಂಡವನ್ನು ಬಿಸಿಲು ಬಂದರೂ ಮಳೆ ಬೀಳದ ಸೂರಿನಂಚಿಗೆ ಸರಿಸಬೇಕು. ನೆಲದಲ್ಲಿ ನೆಡುವುದಕ್ಕಿಂತ ಕುಂಡವನ್ನು ಶಿಫಾರಸು ಮಾಡುವುದು ಇದೇ ಕಾರಣಕ್ಕಾಗಿ. ಗೊಬ್ಬರ ಹೆಚ್ಚಾದಲ್ಲಿ ಎಲೆ ಸೊಂಪಾಗಿ ಹೂವು ಕುಗ್ಗುತ್ತದೆ. ವರ್ಷಕ್ಕೊಮ್ಮೆ ಒಂದು ಹಿಡಿ ಎರೆಗೊಬ್ಬರ ಸಾಕು.

ಹೂವು ಮುಗಿದ ಮೇಲೆ ಗಿಡವನ್ನು ಮೂರನೆಯ ಒಂದು ಭಾಗದಷ್ಟು ಕತ್ತರಿಸಬೇಕು. ಎಲೆಯಿಲ್ಲದ ಹಳೆಯ ಕಟ್ಟಿಗೆಯವರೆಗೆ ಕತ್ತರಿಸಿದಲ್ಲಿ ಮತ್ತೆ ಚಿಗುರುವುದು ಕಷ್ಟ. ಸವರದೆ ಬಿಟ್ಟ ಗಿಡವು ಬುಡದಲ್ಲಿ ಬೋಳಾಗಿ ಸೀಳಿಕೊಳ್ಳುತ್ತದೆ.

ಬೀಜದಿಂದ ಬೆಳೆಸುವುದು ನಿಧಾನ. ಇಂಗ್ಲಿಷ್ ಲ್ಯಾವೆಂಡರ್ ಬೀಜವನ್ನು ತೇವದ ಮರಳಿನೊಡನೆ ಮೂರು ನಾಲ್ಕು ವಾರ ಶೀತಕಪೆಟ್ಟಿಗೆಯಲ್ಲಿಟ್ಟು ಬಿತ್ತಿದರೂ ಮೊಳಕೆ ಸಮನಾಗಿ ಬರುವುದಿಲ್ಲ, ಸಸಿಗಳು ತಾಯಿಗಿಡವನ್ನು ಹೋಲುವುದೂ ಇಲ್ಲ. ಮಳೆ ನಿಂತ ಅಕ್ಟೋಬರ್–ನವೆಂಬರ್ ತಿಂಗಳಿನಲ್ಲಿ ಹೂ ಬಿಡದ ರೆಂಬೆಯ ತುದಿಯಿಂದ 8ರಿಂದ 10 ಸೆಂ.ಮೀ. ಉದ್ದದ ಕಡ್ಡಿ ತೆಗೆದು, ಕೆಳ ಅರ್ಧದ ಎಲೆಗಳನ್ನು ಬಿಡಿಸಿ, ದಪ್ಪ ಮರಳಿನಲ್ಲಿ ನೆರಳಿನಲ್ಲಿ ನೆಟ್ಟಲ್ಲಿ ನಾಲ್ಕರಿಂದ ಆರು ವಾರಗಳಲ್ಲಿ ಬೇರು ಬರುತ್ತದೆ. ಹತ್ತು ಕಡ್ಡಿಗಳಲ್ಲಿ ಕೆಲವು ಕೊಳೆಯುವುದು ಸಾಮಾನ್ಯ.

ಬಳಕೆಯಲ್ಲಿ ಎಚ್ಚರಿಕೆ

ಒಣಗಿಸಿದ ಹೂವನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಉಡುಪಿನ ಕಪಾಟಿನಲ್ಲಿಡಬಹುದು. ತೈಲವನ್ನು ಸೇವಿಸಬಾರದು, ಬೇರೆ ಎಣ್ಣೆ ಬೆರೆಸದೆ ನೇರವಾಗಿ ಚರ್ಮಕ್ಕೆ ಹಚ್ಚಬಾರದು, ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಬೆಕ್ಕು ಮತ್ತು ನಾಯಿಗಳಿಗೆ ಈ ಸಸ್ಯವು ಹಾನಿಕರ.

ವಾಣಿಜ್ಯ ಬೇಸಾಯದ ಬಗ್ಗೆ

ಹಿಮಾಲಯದ ತಂಪು ಪ್ರದೇಶದ ಆದಾಯದ ಲೆಕ್ಕವನ್ನು ಕರ್ನಾಟಕದ ಬಯಲು ಜಮೀನಿಗೆ ಅನ್ವಯಿಸಲಾಗದು. ಹೂವು ವಿರಳವಾದಲ್ಲಿ ತೈಲವಿಲ್ಲ, ಹತ್ತಿರದಲ್ಲಿ ಭಟ್ಟಿ ಘಟಕವಿಲ್ಲದಿದ್ದಲ್ಲಿ ಕೊಯ್ದ ಹೂವಿಗೆ ಬೆಲೆಯೂ ಇಲ್ಲ. ಸಸಿಗೆ ಮುಂಗಡ ಹಣ ಕೇಳಿ, ಬೆಳೆದುದನ್ನು ತಾವೇ ಕೊಳ್ಳುವುದಾಗಿ ಭರವಸೆ ನೀಡುವವರೊಡನೆ ಒಪ್ಪಂದ ಮಾಡಿಕೊಳ್ಳುವ ಮೊದಲು, ಇದೇ ಜಿಲ್ಲೆಯಲ್ಲಿ ಕನಿಷ್ಠ ಮೂರು ವರ್ಷದ ತೋಟವನ್ನು ತೋರಿಸುವಂತೆ ಕೇಳುವುದು ರೈತರ ಹಕ್ಕು. ಸಹಾಯಧನ ದೊರೆಯುವುದೆಂದು ಹೇಳಲಾದಲ್ಲಿ ಅದನ್ನು ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಚೇರಿಯಲ್ಲಿ ಖಚಿತಪಡಿಸಿಕೊಂಡ ನಂತರವೇ ಹಣ ಪಾವತಿಸಬೇಕು. ಸುಗಂಧ ಬೆಳೆಯನ್ನೇ ಬೆಳೆಯಬೇಕೆನ್ನುವವರಿಗೆ ನಮ್ಮ ನೆಲಕ್ಕೆ ಒಗ್ಗಿದ ದವನವಿದೆ. ಬೆಂಗಳೂರಿನ ಅಲ್ಲಾಳಸಂದ್ರದಲ್ಲಿರುವ ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯಗಳ ಸಂಸ್ಥೆಯ ಸಂಶೋಧನಾ ಕೇಂದ್ರದಲ್ಲಿ ಇಂತಹ ಬೆಳೆಗಳ ಬಗ್ಗೆ ವಿಚಾರಿಸಬಹುದು.

ಸಲಹೆಗಾಗಿ ಕಚೇರಿಗೆ ಬರುವವರು ಜಮೀನಿನ ಪಹಣಿ, ಮಣ್ಣು ಪರೀಕ್ಷೆಯ ವರದಿ ಹಾಗೂ ಮಾರಾಟಗಾರರು ನೀಡಿದ ಕರಪತ್ರ ಅಥವಾ ಒಪ್ಪಂದದ ಪ್ರತಿಯನ್ನು ತರತಕ್ಕದ್ದು. ಮನೆಯ ಗಿಡದ ರೋಗದ ಬಗ್ಗೆ ಕೇಳುವವರು ಎಲೆಯೊಂದನ್ನೇ ತರದೆ, ಸಾಧ್ಯವಾದಲ್ಲಿ ಗಿಡವನ್ನು ಬೇರು ಮತ್ತು ಮಣ್ಣಿನ ಸಹಿತ ತಂದಲ್ಲಿ ಪರಿಶೀಲನೆಗೆ ಅನುಕೂಲವಾಗುತ್ತದೆ.