ಹೆಸರಿನಲ್ಲಿ ಗುರುಸ್ಮರಣೆ: ಮೋಗ್ಲಿಂಗ್ ಮತ್ತು ಕೌಂಡಿನ್ಯ

ಕೊಪ್ಪಳದ ಪಾಲ್ಕಿಗುಂಡಿನ ಬೆಟ್ಟದ ಮೇಲೆ ಒಂದು ಜೊತೆ ಪಾದಗಳನ್ನು ಬಂಡೆಯಲ್ಲಿ ಕೊರೆದಿರುವುದು ಶಾಸನಾಭ್ಯಾಸಿಗಳಿಗೆ ವಿದಿತವೇ ಆಗಿದೆ. ಅವುಗಳ ಕೆಳಗೆ ಹಳಗನ್ನಡದ ಎರಡು ಪಂಕ್ತಿಗಳ ಶಾಸನವುಂಟು. ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಚಾವಯ್ಯನೆಂಬವನು ಮಾಡಿಸಿದನೆಂಬುದೇ ಅದರ ತಾತ್ಪರ್ಯ. ಈ ಆಚಾರ್ಯರೇ ‘ವರಾಂಗಚರಿತ’ದ ಕರ್ತೃಗಳೆಂದು ವಿದ್ವಾಂಸರು ಊಹಿಸಿರುವರು. ಚಾವಯ್ಯನ ಕುಲವನ್ನಾಗಲಿ ಪದವಿಯನ್ನಾಗಲಿ ಶಾಸನವು ತಿಳಿಸುವುದಿಲ್ಲ. ಗುರುಪಾದವನ್ನು ಕಲ್ಲಿನಲ್ಲಿ ನಿಲ್ಲಿಸಿದವನೆಂಬಷ್ಟೇ ಅವನ ಚರಿತ್ರೆ.

ಗಂಗಾವತಿಯ ಆನೆಗುಂದಿಯ ಬಳಿ, ತುಂಗಭದ್ರೆಯ ನಡುಗಡ್ಡೆಯಲ್ಲಿ, ಮಾಧ್ವಯತಿಗಳ ಒಂಬತ್ತು ವೃಂದಾವನಗಳಿವೆ. ಕ್ರಿ. ಶ. ೧೫೩೯ರಲ್ಲಿ ದೇಹವಿಟ್ಟ ವ್ಯಾಸರಾಯರದು ಅವುಗಳಲ್ಲೊಂದು. ೨೦೧೯ರ ಜುಲೈ ತಿಂಗಳಲ್ಲಿ ದುಷ್ಕರ್ಮಿಗಳು ಅದನ್ನು ಕೆಡವಿದಾಗ ಶಿಷ್ಯವರ್ಗದವರು ಕೂಡಲೇ ಮರಳಿ ಕಟ್ಟಿದರು. ಕೊಪ್ಪಳದ ಗವಿಮಠದಲ್ಲಿ ಗವಿಸಿದ್ಧೇಶ್ವರರ ಗದ್ದುಗೆಯು ಇಂದಿಗೂ ಸಾವಿರಾರು ಜನರನ್ನು ಸೆಳೆಯುತ್ತಿದೆ. ಪಾದ, ವೃಂದಾವನ, ಗದ್ದುಗೆ—ಈ ಸೀಮೆಯ ಗುರುಭಕ್ತಿಯು ಕಲ್ಲನ್ನು ಹುಡುಕಿಕೊಂಡು ಹೋದ ಬಗೆಗಳಿವು. ಇದೇ ಗಾಳಿಯಲ್ಲಿ ಬೆಳೆದ ಕನ್ನಡ ಕ್ರೈಸ್ತರು ತಮ್ಮ ಗುರುಗಳನ್ನು ಹೇಗೆ ಗೌರವಿಸಿದರೆಂಬುದೇ ಪ್ರಕೃತ ಲೇಖನದ ವಿಷಯ.

ಕುಷ್ಟಗಿಯ ಈಶಾನ್ಯಕ್ಕಿರುವ ಮುದಗಲ್ಲಿನಲ್ಲಿ ವಿಜಾಪುರದ ಆದಿಲಶಾಹಿ ಅರಸರ ಕಾಲದಿಂದ ಬಂದ ರೋಮನ್ ಕ್ಯಾಥೊಲಿಕ್ ಸಮುದಾಯವಿದೆ. ಪಾದ್ರಿಗಳನ್ನು ಗುರುಗಳೆಂದೂ ಸ್ವಾಮಿಗಳೆಂದೂ ಕರೆಯುವ ರೂಢಿ ಕನ್ನಡ ಕ್ಯಾಥೊಲಿಕರಲ್ಲಿ ನೆಲೆಗೊಂಡಿದೆ. ಸಂತರ ಹಬ್ಬ, ಸಂತರ ಅವಶೇಷ ಇವುಗಳಿಗೆ ಅವರಲ್ಲಿ ಮಾನ್ಯತೆಯಿರುವುದರಿಂದ ಈ ನೆಲದ ಪದ್ಧತಿಯೊಡನೆ ಹೊಂದಿಕೊಳ್ಳುವುದು ಅವರಿಗೆ ಅಷ್ಟು ಕಷ್ಟವಾಗಿರಲಾರದು. ಪ್ರಾಟೆಸ್ಟಂಟರ ಮಾತು ಬೇರೆ. ಸಮಾಧಿಗೆ ಕೈಮುಗಿಯುವುದನ್ನು ಅವರು ಒಪ್ಪರು. ಇಬ್ರಿಯರಿಗೆ ಬರೆದ ಪತ್ರಿಕೆಯ ಹದಿಮೂರನೆಯ ಅಧ್ಯಾಯವು ಉಪದೇಶ ಮಾಡಿದ ಹಿರಿಯರನ್ನು ನೆನೆದು, ಅವರ ನಡೆ ಯಾವ ಫಲವನ್ನು ಕೊಟ್ಟಿತೆಂದು ನೋಡಿ, ಅವರ ನಂಬಿಕೆಯನ್ನು ಅನುಸರಿಸಬೇಕೆಂದು ವಿಧಿಸುತ್ತದೆ. ಸ್ಮರಣೆಯುಂಟು, ಅನುಕರಣೆಯುಂಟು, ಪೂಜೆಯಿಲ್ಲ. ಪೂಜೆಯಿಲ್ಲದ ಗುರುಭಕ್ತಿಯು ಯಾವ ರೂಪವನ್ನು ತಾಳೀತು?

ಯಲಬುರ್ಗಿಯಿಂದ ಪಶ್ಚಿಮಕ್ಕೆ ಸಾಗಿ ಗದಗಿನ ಸೀಮೆಯನ್ನು ಹೊಕ್ಕರೆ ಈ ಪ್ರಶ್ನೆಗೆ ಪೂರ್ವಪೀಠಿಕೆಯೊಂದು ದೊರೆಯುತ್ತದೆ. ಬಾಸೆಲ್ ಮಿಶನ್ನಿನವರು ೧೮೩೭ರಲ್ಲಿ ಧಾರವಾಡದಲ್ಲಿಯೂ ೧೮೩೯ರಲ್ಲಿ ಹುಬ್ಬಳ್ಳಿಯಲ್ಲಿಯೂ ನೆಲಸಿದರು. ಆ ಪ್ರಾಂತದ ಕಾಲಜ್ಞಾನಿಗಳೆಂಬ ಪಂಥದವರು, ತಮ್ಮ ಕಾಲಜ್ಞಾನದ ವಚನಗಳು ಮುಂತಿಳಿಸಿದ ಗುರುಗಳು ಇವರೇ ಇರಬಹುದೆಂದು ಬಗೆದು ಅವರ ಬಳಿಗೆ ಬಂದರು. ಮಿಶನ್ನಿನವರು ೧೮೪೧ರಲ್ಲಿ ಮಲಸಮುದ್ರದಲ್ಲಿ ಒಂದು ಒಕ್ಕಲು ನೆಲೆಯನ್ನು ಸ್ಥಾಪಿಸಿದರಾದರೂ ಅದು ನಿರೀಕ್ಷಿಸಿದಂತೆ ಏಳಿಗೆಗೆ ಬರಲಿಲ್ಲ. ಆ ಜನರಿಗೆ ಬೇಕಾಗಿದ್ದವನು ಗುರು, ಬಂದವನು ಬೋಧಕ. ಇವೆರಡಕ್ಕಿರುವ ಅಂತರವನ್ನು ಮಿಶನ್ನಿನವರು ಆಗ ಪೂರ್ತಿಯಾಗಿ ಗ್ರಹಿಸಿರಲಿಲ್ಲವೆಂದು ನಮಗೆ ತೋರುತ್ತದೆ.

ಆ ಅಂತರವನ್ನು ದಾಟಿದ ನಿದರ್ಶನ ಮಂಗಳೂರಿನಲ್ಲಿದೆ. ಜರ್ಮನಿಯ ವುರ್ಟೆಂಬರ್ಗಿನಲ್ಲಿ ೧೮೧೧ರಲ್ಲಿ ಹುಟ್ಟಿದ ಹರ್ಮನ್ ಮೋಗ್ಲಿಂಗರು ೧೮೩೬ರಲ್ಲಿ ಮಂಗಳೂರಿಗೆ ಬಂದರು. ೧೮೪೩ರ ಜುಲೈ ೧ರಂದು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಇವರನ್ನು ಕನ್ನಡ ಪತ್ರಿಕೋದ್ಯಮದ ಮೂಲಪುರುಷರೆಂದು ಎಲ್ಲರೂ ಬಲ್ಲರು. ಅವರ ಬಳಿ ಇಂಗ್ಲಿಷ್ ಕಲಿಯಲು ಬಂದವರಲ್ಲಿ ಆನಂದರಾವ್ ಎಂಬ ಸಾರಸ್ವತ ಬ್ರಾಹ್ಮಣ ತರುಣನೊಬ್ಬನಿದ್ದನು. ೧೮೪೪ರ ಜನವರಿ ೬ರಂದು ಅವನು ಇಬ್ಬರು ಗೆಳೆಯರೊಡನೆ ದೀಕ್ಷಾಸ್ನಾನವನ್ನು ಹೊಂದಿದನು. ಊರಿನಲ್ಲಿ ದೊಡ್ಡ ಕ್ಷೋಭೆಯೆದ್ದಿತು. ಜಾತಿಯೂ ಬಂಧುವರ್ಗವೂ ಅವನ ಪಾಲಿಗೆ ಆ ದಿನವೇ ಮುಚ್ಚಿಹೋದುವು.

ಆ ದಿನದಿಂದ ಅವನ ಹೆಸರು ಹರ್ಮನ್ ಆನಂದರಾವ್ ಕೌಂಡಿನ್ಯ. ಈ ಹೆಸರನ್ನು ವಾಚಕರು ಸ್ವಲ್ಪ ನಿಧಾನವಾಗಿ ನೋಡಬೇಕು. ಹರ್ಮನ್ ಎಂಬುದು ಗುರುವಿನ ಹೆಸರು. ಆನಂದರಾವ್ ಎಂಬುದು ಮನೆಯಲ್ಲಿ ಕರೆದ ಹೆಸರು. ಕೌಂಡಿನ್ಯವೆಂಬುದು ಗೋತ್ರ, ಎಂದರೆ ಋಷಿಯ ಹೆಸರು. ಮತಾಂತರ ಹೊಂದಿದವರು ಹಳೆಯ ಹೆಸರನ್ನು ಅಳಿಸಿ ಬೈಬಲಿನ ಹೆಸರನ್ನು ಧರಿಸುವುದು ಆ ಕಾಲದಲ್ಲಿ ಸಾಮಾನ್ಯವಾಗಿತ್ತು. ಇಲ್ಲಿ ಹಳೆಯದು ಅಳಿಯಲಿಲ್ಲ; ಅದರ ಮುಂದೆ ಗುರುವು ಬಂದು ನಿಂತನು, ಅಷ್ಟೆ. ನಮ್ಮ ಸಂನ್ಯಾಸಿಗಳಲ್ಲಿ ಶಿಷ್ಯನಿಗೆ ಗುರುವು ಹೊಸ ಹೆಸರನ್ನು ಅನುಗ್ರಹಿಸುವುದುಂಟು, ಪೂರ್ವಾಶ್ರಮದ ಹೆಸರು ಲೋಪವಾಗುವುದೂ ಉಂಟು. ಈ ಶಿಷ್ಯನಾದರೋ ತನ್ನನ್ನು ಹೊರಗಿಟ್ಟ ಕುಲದ ಋಷಿಯನ್ನು ಕಡೆಯವರೆಗೂ ಬಿಡಲಿಲ್ಲ. ಇದನ್ನು ಕೇವಲ ಜಾತ್ಯಭಿಮಾನವೆಂದು ತಳ್ಳಿಬಿಡುವವರೂ ಇರಬಹುದು. ಹಾಗೆ ಅನ್ನುವುದು ಅವಸರದ ತೀರ್ಮಾನವೆಂದು ನಮ್ಮ ಅಭಿಪ್ರಾಯ.

೧೮೪೬ರಲ್ಲಿ ಮೋಗ್ಲಿಂಗರು ಶಿಷ್ಯನನ್ನು ಬಾಸೆಲಿಗೆ ಕರೆದೊಯ್ದರು. ೧೮೫೧ರಲ್ಲಿ ಅಲ್ಲಿ ಗುರುದೀಕ್ಷೆ ಹೊಂದಿದ ಕೌಂಡಿನ್ಯರು ಯುರೋಪಿನ ಮಿಶನರಿಗಳ ಸಾಲಿನಲ್ಲಿಯೇ ಕುಳಿತುಕೊಳ್ಳುವ ಅಧಿಕಾರದೊಡನೆ ಹಿಂದಿರುಗಿ ಮಂಗಳೂರಿನಲ್ಲಿ ಅಧ್ಯಾಪಕರಾದರು. ಶಿಷ್ಯನನ್ನು ತನಗೆ ಸಮನಾಗಿಸುವುದು ಗುರುವಿನ ಕಡೆಯಿಂದ ಸಲ್ಲಬೇಕಾದ ಋಣ. ಅದನ್ನು ಮೋಗ್ಲಿಂಗರು ಸಲ್ಲಿಸಿದರು. ಪರದೇಶದ ಮಿಶನರಿಗಳು ದೇಶೀಯ ಸಹಾಯಕರನ್ನು ಎಷ್ಟು ದೂರದಲ್ಲಿರಿಸುತ್ತಿದ್ದರೆಂಬುದನ್ನು ಬಲ್ಲವರಿಗೆ ಇದು ಸಣ್ಣ ಸಂಗತಿಯೆನಿಸದು. ಮುಂದೆ ಗುರುವು ಕೊಡಗಿಗೆ ಹೋಗಿ ಆನಂದಪುರದ ನೆಲೆಯನ್ನು ಕಟ್ಟಿದಾಗ ಶಿಷ್ಯರ ಸೇವೆಯೂ ಅಲ್ಲಿಗೆ ಸಂದಿತು.

ಇನ್ನೊಂದು ಸಂಗತಿಯನ್ನು ಹೇಳದೆ ಈ ವಿಷಯವನ್ನು ಬಿಡಲಾಗದು. ಶಿಷ್ಯನು ಬಾಸೆಲಿನಲ್ಲಿ ಓದುತ್ತಿದ್ದ ಕಾಲದಲ್ಲಿಯೇ ಗುರುವು ಮಂಗಳೂರಿಗೆ ಮರಳಿ, ಕಾಸಾಮೇಜರರ ಧನಸಹಾಯದಿಂದ, ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ಚನ್ನಬಸವಪುರಾಣ ಮೊದಲಾದುವನ್ನು ಕಲ್ಲಚ್ಚಿನಲ್ಲಿ ತೆಗೆಯಿಸಿದರು. ೧೮೫೦ರಲ್ಲಿ ಅದರಲ್ಲಿ ‘ದಾಸರ ಪದಗಳು’ ಹೊರಬಂದುವು. ಪುರಂದರದಾಸರ ಗುರುಗಳು ವ್ಯಾಸರಾಯರು. ಅವರ ವೃಂದಾವನವು ಆನೆಗುಂದಿಯ ನಡುಗಡ್ಡೆಯಲ್ಲಿದೆಯೆಂದು ಮೇಲೆಯೇ ಹೇಳಿದೆ. ತನ್ನ ಮತಕ್ಕೆ ಜನರನ್ನು ಕರೆಯಲು ಬಂದವನು ಅನ್ಯಮತದ ಗುರುಶಿಷ್ಯರ ವಾಣಿಯನ್ನು ಅಚ್ಚಿಗೆ ಕೊಟ್ಟನು. ಜನರ ಮನಸ್ಸನ್ನರಿಯುವುದು ಅವನ ಉದ್ದೇಶವಾಗಿದ್ದಿತೆಂಬುದು ನಿಜ. ಉದ್ದೇಶವೇನಿದ್ದರೂ ಹಾಡುಗಳು ಉಳಿದುವು. ಈ ಪರಿಶ್ರಮಕ್ಕಾಗಿ ೧೮೫೮ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಾಕ್ಟರ್ ಪದವಿಯನ್ನಿತ್ತಿತು.

ಮೋಗ್ಲಿಂಗರು ೧೮೬೦ರಲ್ಲಿ ಭಾರತವನ್ನು ಬಿಟ್ಟು ೧೮೮೧ರಲ್ಲಿ ಜರ್ಮನಿಯಲ್ಲಿ ತೀರಿಕೊಂಡರು. ಮರುವರ್ಷ, ಮಲೆಯಾಳ ನಿಘಂಟುಕಾರರಾದ ಹರ್ಮನ್ ಗುಂಡರ್ಟರು ತಮ್ಮ ಈ ಗೆಳೆಯನ ಜೀವನಚರಿತ್ರೆಯನ್ನು ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದರು. ಕನ್ನಡ ನಾಡಿನಲ್ಲಿ ಅವರ ಪಾದಗಳನ್ನು ಯಾರೂ ಬಂಡೆಯಲ್ಲಿ ಕೊರೆಯಿಸಲಿಲ್ಲ. ಅವರ ಹೆಸರನ್ನು ಹೊತ್ತ ಕೌಂಡಿನ್ಯರು ಗುರುವಿನ ತರುವಾಯ ಹನ್ನೆರಡು ವರ್ಷ ಬದುಕಿದ್ದು ೧೮೯೩ರಲ್ಲಿ ಕಾಲವಾದರು.